ಲೆಕ್ಕಕ್ಕೆ ಸಿಗದ 9 ಗ್ರಾಂ

ಅಪ್ಪ ನನ್ನ ಹತ್ತಿರ ದುಡ್ಡು ಕೇಳಿದ್ದು ಒಂದೇ ಸಲ. ಎರಡು ವರ್ಷದ ಹಿಂದೆ, ಯುಗಾದಿ ಮುಗಿದ ವಾರ. ಫೋನ್ ಮಾಡಿ ಊಟ ಆಯ್ತಾ, ಅಲ್ಲೇನಾದ್ರೂ ಮಳೆ ಬಂತಾ, ಆಫೀಸ್ ಹೇಗಿದೆ ಅಂತೆಲ್ಲ ವಿಚಾರಿಸಿದರು. ಆಮೇಲೆ ಎರಡು ಸಲ ಕೆಮ್ಮಿ, "ಒಂದೆರಡು ಲಕ್ಷ ಹೊಂದಿಸೋಕಾಗುತ್ತಾ? ಎಣ್ಣೆ ಮಂಡಿಯವರಿಗೆ ಕೊಡಬೇಕು. ದೀಪಾವಳಿ ಆದ್ಮೇಲೆ ವಾಪಸ್ ಕೊಡ್ತೀನಿ" ಅಂದರು.

ಮಗನಿಗೆ "ವಾಪಸ್ ಕೊಡ್ತೀನಿ" ಅನ್ನುವ ಅಪ್ಪನ ದನಿ ಕೇಳಿದರೆ ಹೊಟ್ಟೆಯಲ್ಲಿ ಏನೋ ಕಲಸಿದ ಹಾಗಾಗುತ್ತೆ. ದುಡ್ಡು ಕಳಿಸಿದೆ. ಆದರೆ ಒಂದು ಪ್ರಶ್ನೆ ತಲೆ ಬಿಟ್ಟು ಹೋಗಲಿಲ್ಲ. ವ್ಯಾಪಾರ ಜೋರಾಗಿದೆ ಅಂತ ನೆಂಟರೆಲ್ಲ ಹೊಟ್ಟೆಕಿಚ್ಚು ಪಡ್ತಿದ್ದಾರೆ. ಹಾಗಾದ್ರೆ ದುಡ್ಡು ಎಲ್ಲಿ ಹೋಗ್ತಿದೆ?

ನಮ್ಮದು ತುಮಕೂರು. ಮನೆ ಹಿಂದಿನ ಶೆಡ್ಡಿನಲ್ಲಿ ಚಕ್ಲಿ, ಕೋಡುಬಳೆ, ನಿಪ್ಪಟ್ಟು ಮಾಡಿ ಅಂಗಡಿಗಳಿಗೆ ಹಾಕೋದು ನಮ್ಮ ಕಸುಬು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಅಮ್ಮ ಶುರು ಮಾಡಿದ್ದು. ಅಪ್ಪ ಆಗ ಮಂಡಿಯಲ್ಲಿ ರೈಟರ್. ಅಮ್ಮ ಹಿಟ್ಟು ಕಲಸೋದು, ಸಂಜೆ ಅಪ್ಪ ಸ್ಕೂಟರ್ ಮೇಲೆ ಡಬ್ಬ ಕಟ್ಟಿಕೊಂಡು ಅಂಗಡಿಗಳಿಗೆ ಕೊಟ್ಟು ಬರೋದು. ಬಾಣಲೆ ಮುಂದೆ ಕೂರುತ್ತಿದ್ದವರು ಪಕ್ಕದ ಬೀದಿಯ ಒಬ್ಬರು. ಅಮ್ಮನಿಗೆ ಅವರು ಅಕ್ಕ, ನನಗೆ ದೊಡ್ಡಮ್ಮ. ರಕ್ತಸಂಬಂಧ ಏನೂ ಇಲ್ಲ. ಆದರೆ ನಾನು ಪಿಯುಸಿ ಪರೀಕ್ಷೆ ಬರೆಯೋ ದಿನ ದೇವಸ್ಥಾನಕ್ಕೆ ಹೋಗಿ ಕುಂಕುಮ ತಂದು ಹಣೆಗಿಟ್ಟವರು ಅವರೇ. ನನ್ನ ಎಂಜಿನಿಯರಿಂಗ್ ಫೀಸು ಆ ಬಾಣಲೆಯಿಂದಲೇ ಬಂದದ್ದು.

ಮೂರು ಜನರಿಂದ ಶುರುವಾದ ಕೆಲಸಕ್ಕೆ ಈಗ ಹದಿನಾಲ್ಕು ಜನ. ಇಪ್ಪತ್ತೆರಡು ಅಂಗಡಿ ಇದ್ದದ್ದು ನೂರ ಮೂವತ್ತಾಗಿದೆ. ಗುಬ್ಬಿ, ಕೊರಟಗೆರೆ, ಮಧುಗಿರಿ, ಸಿರಾ ಕಡೆಗೆ ಲೈನ್ ಗಾಡಿ ಹೋಗುತ್ತೆ. ಸ್ಕೂಟರ್ ಕಾಲದಲ್ಲಿ ಅಪ್ಪನ ಜೇಬಿನಲ್ಲಿ ಯಾವಾಗಲೂ ಐದು ಸಾವಿರ ಇರ್ತಿತ್ತು. ಗಾಡಿ ಕಾಲದಲ್ಲಿ ಮಗನ ಹತ್ತಿರ ಸಾಲ.

ನಾನು ಮಾಡಿದ ಬುದ್ಧಿವಂತಿಕೆ

ಬೆಂಗಳೂರಿನಲ್ಲಿ ನನ್ನ ಕೆಲಸವೇ ಇಂಥದ್ದು. ಕಂಪನಿಗಳ ಸಾಫ್ಟ್‌ವೇರ್ ಬಳಕೆದಾರರು ಹೆಚ್ಚಾದ ಹಾಗೆ ನಿಧಾನವಾಗುತ್ತೆ. ಎಲ್ಲಿ ಸಿಕ್ಕಿಹಾಕಿಕೊಳ್ತಿದೆ ಅಂತ ಪತ್ತೆ ಹಚ್ಚಿ ಸರಿ ಮಾಡೋದು ನಮ್ಮ ತಂಡ. ಊರಿಗೆ ಹೋಗಿ ಇದೇ ಕೆಲಸ ಮಾಡಿದರಾಯ್ತು ಅಂದುಕೊಂಡೆ.

ಅದಕ್ಕೂ ಒಂದು ವರ್ಷ ಮೊದಲೇ ಅಪ್ಪನಿಗೆ ಒಂದು ಆ್ಯಪ್ ಮಾಡಿಕೊಟ್ಟಿದ್ದೆ. ಹಿಟ್ಟು ಎಷ್ಟು ಬಂತು, ಎಣ್ಣೆ ಎಷ್ಟು ಬಂತು, ಪ್ಯಾಕೆಟ್ ಎಷ್ಟು ಹೋಯ್ತು ಅಂತ ಒಬ್ಬ ಹುಡುಗಿ ಅದರಲ್ಲಿ ತುಂಬುತ್ತಿದ್ದಳು. ಆ ಲೆಕ್ಕ ತೆಗೆದು ಒಂದು ಶನಿವಾರ ರಾತ್ರಿ ಎಕ್ಸೆಲ್‌ಗೆ ಹಾಕಿದೆ. ಇಷ್ಟು ಹಿಟ್ಟಿಗೆ ಇಷ್ಟು ಚಕ್ಲಿ ಬರಬೇಕು ಅನ್ನೋದು ಅಮ್ಮನಿಗೆ ಬಾಯಿಪಾಠ. ಅದರ ಪ್ರಕಾರ ತಿಂಗಳಿಗೆ ಸುಮಾರು 3,820 ಕೆಜಿ ಚಕ್ಲಿ ಆಗಬೇಕು. ಹೊರಗೆ ಹೋದದ್ದು 200 ಗ್ರಾಂನ 18,200 ಪ್ಯಾಕೆಟ್. ಅಂದರೆ 3,640 ಕೆಜಿ.

180 ಕೆಜಿ ಚಕ್ಲಿ ಪ್ರತಿ ತಿಂಗಳು ಮಾಯ! ಕೆಜಿಗೆ 170 ರೂಪಾಯಿ ಅಸಲು ಅಂತ ಹಿಡಿದರೂ ಮೂವತ್ತು ಸಾವಿರ ರೂಪಾಯಿ.

ಬಗ್ ಸಿಕ್ಕ ಖುಷಿಯಲ್ಲಿ ಅಪ್ಪನನ್ನು ಎಬ್ಬಿಸಿ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ಪರದೆ ನೋಡಿದರು. "ಇಷ್ಟು ಚಕ್ಲಿ ಎಲ್ಲಿ ಹೋಗುತ್ತೆ?"

"ಇನ್ನೆಲ್ಲಿ ಹೋಗುತ್ತೆ ಅಪ್ಪಾ. ಯಾರೋ ಮನೆಗೆ ಸಾಗಿಸ್ತಿದ್ದಾರೆ."

ಈ ಮಾತು ನಾನು ಹೇಳಿದ್ದು. ಅಪ್ಪ ಹೇಳಿದ್ದಲ್ಲ. ಇದನ್ನು ಇಲ್ಲಿ ಸ್ಪಷ್ಟವಾಗಿ ಬರೆದುಬಿಡಬೇಕು.

ಮುಂದಿನ ವಾರ ಶೆಡ್ಡಿಗೆ ಎರಡು ಕ್ಯಾಮೆರಾ ಹಾಕಿಸಿದೆ. ಸಂಜೆ ಕೆಲಸ ಬಿಟ್ಟು ಹೋಗುವಾಗ ಎಲ್ಲರ ಚೀಲ ನೋಡಿ ಕಳಿಸಬೇಕು ಅಂತ ಅಪ್ಪನ ತಲೆ ತಿಂದೆ. ಅವರಿಗೆ ಮನಸ್ಸಿರಲಿಲ್ಲ. "ಹಂಗೆಲ್ಲ ಮಾಡಿದ್ರೆ ಚೆನ್ನಾಗಿರಲ್ಲ ಕಣೋ" ಅಂದರು. ನಾನು ಬಿಡಲಿಲ್ಲ. "ದೊಡ್ಡ ಕಂಪನಿಗಳಲ್ಲೆಲ್ಲ ಮಾಡ್ತಾರೆ. ಇದರಲ್ಲಿ ಅವಮಾನ ಏನಿದೆ?"

ಆಷಾಢದ ಒಂದು ಸಂಜೆ. ನಾನು ಆಫೀಸಿನ ಕ್ಯಾಂಟೀನಿನಲ್ಲಿ ಕೂತು ಫೋನಿನಲ್ಲಿ ಕ್ಯಾಮೆರಾ ನೋಡ್ತಿದ್ದೆ. ಹೆಂಗಸರು ಸಾಲಾಗಿ ನಿಂತಿದ್ದರು. ದೊಡ್ಡಮ್ಮನ ಸರದಿ ಬಂತು. ಅಪ್ಪ ಕೈ ಮುಂದೆ ಮಾಡಲಿಲ್ಲ, ಮುಖ ಬೇರೆ ಕಡೆ ತಿರುಗಿಸಿಕೊಂಡರು. ದೊಡ್ಡಮ್ಮನೇ ಚೀಲ ಬಿಚ್ಚಿ ಊಟದ ಡಬ್ಬಿ ಟೇಬಲ್ ಮೇಲಿಟ್ಟರು. ಆಮೇಲೆ ಒಂದು ಸಣ್ಣ ಕವರ್ ತೆಗೆದು ಅದರ ಪಕ್ಕ ಇಟ್ಟರು. ಒಳಗೆ ಚಕ್ಲಿ ಚೂರು. ಒಂದು ಬೊಗಸೆ ಇರಬಹುದು. ಕ್ಯಾಮೆರಾದಲ್ಲಿ ಶಬ್ದ ಬರುತ್ತಿರಲಿಲ್ಲ. ಅವರು ಏನೂ ಹೇಳಿದ ಹಾಗೆ ಕಾಣಲಿಲ್ಲ. ಕವರ್ ಅಲ್ಲೇ ಬಿಟ್ಟು, ಡಬ್ಬಿ ಎತ್ತಿಕೊಂಡು ಹೊರಟರು.

ಮಾರನೇ ದಿನ ಕೆಲಸಕ್ಕೆ ಬರಲಿಲ್ಲ. ಅದರ ಮಾರನೇ ದಿನವೂ.

ಅಮ್ಮ ಫೋನ್ ಮಾಡಿ ಎರಡೇ ಮಾತು ಹೇಳಿದಳು. "ಒಡೆದಿದ್ದು, ಚೂರಾಗಿದ್ದು ಮಾರೋಕಾಗಲ್ಲ, ಮೊಮ್ಮಕ್ಕಳಿಗೆ ಒಯ್ಯಿ ಅಕ್ಕಾ ಅಂತ ಹದಿನೈದು ವರ್ಷದ ಹಿಂದೆ ನಾನೇ ಹೇಳಿದ್ದು. ನಿನ್ನ ಕಂಪ್ಯೂಟರಲ್ಲಿ ಅದು ಇರಲಿಲ್ವಾ?"

ಸ್ಟೂಲ್ ಮೇಲೆ ಒಂದು ದಿನ

ದೊಡ್ಡಮ್ಮ ಬಿಟ್ಟ ಮೇಲೆ ಶೆಡ್ಡಿನ ಹದ ಕೆಟ್ಟಿತು. ಎಣ್ಣೆ ಎಷ್ಟು ಕಾದಿದೆ ಅನ್ನೋದನ್ನು ಅವರು ಒಂದು ಚಿಟಿಕೆ ಹಿಟ್ಟು ಬಿಟ್ಟು ಕಂಡುಹಿಡೀತಿದ್ದರು. ಹೊಸಬರಿಗೆ ಅದು ಬರಲಿಲ್ಲ. ಒಂದು ಒಬ್ಬೆ ಕಪ್ಪು, ಒಂದು ಒಬ್ಬೆ ಮೆತ್ತಗೆ. ಒಡೆಯೋದು ಹೆಚ್ಚಾಯ್ತು. ಎರಡು ಅಂಗಡಿಯವರು ಸರಕು ವಾಪಸ್ ಕಳಿಸಿದರು. ತಿಂಗಳ ಕೊನೆಗೆ ಲೆಕ್ಕ ಹಾಕಿದರೆ ಮಾಯವಾದ ಚಕ್ಲಿ ಕಡಿಮೆಯಾಗಿರಲಿಲ್ಲ. ಇನ್ನೂ ಜಾಸ್ತಿಯಾಗಿತ್ತು.

ಎರಡು ದಿನ ರಜೆ ಹಾಕಿ ಊರಿಗೆ ಹೋದೆ. ಅಮ್ಮ ತಟ್ಟೆ ಹಾಕಿದಳು, ಮಾತಾಡಲಿಲ್ಲ. ಕೈ ತೊಳೆಯುವಾಗ ಕೇಳಿದಳು: "ನೀನು ಒಂದು ದಿನನಾದ್ರೂ ಆ ಶೆಡ್ಡಲ್ಲಿ ಕೂತು ನೋಡಿದ್ದೀಯಾ?"

ನೋಡಿರಲಿಲ್ಲ. ಹಬ್ಬಕ್ಕೆ ಹೋದಾಗ ಒಳಗೆ ಹೋಗಿ ಎರಡು ಚಕ್ಲಿ ಬಾಯಿಗೆ ಹಾಕಿಕೊಂಡು ಬರ್ತಿದ್ದೆ, ಅಷ್ಟೇ. ನಮ್ಮ ಕೆಲಸದ ಮೊದಲ ಪಾಠವೇ 'ಅಳೆಯದೆ ಮುಟ್ಟಬೇಡ' ಅನ್ನೋದು. ಪ್ರೋಗ್ರಾಂ ಎಲ್ಲಿ ನಿಧಾನವಾಗಿದೆ ಅಂತ ಊಹೆ ಮಾಡಿದವರ ಊಹೆ ಸಾಮಾನ್ಯವಾಗಿ ತಪ್ಪಾಗುತ್ತೆ. ಅದಕ್ಕೇ ಮೊದಲು ಓಡಿಸಿ, ಪ್ರತಿ ಹೆಜ್ಜೆಗೂ ಎಷ್ಟು ಹೊತ್ತಾಯ್ತು ಅಂತ ನೋಡ್ತೀವಿ. ಕಂಪ್ಯೂಟರಿಗೆ ತೋರಿಸುವ ಈ ಮರ್ಯಾದೆಯನ್ನು ನಾನು ದೊಡ್ಡಮ್ಮನಿಗೆ ತೋರಿಸಿರಲಿಲ್ಲ.

ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲಿರುವ ನನ್ನ ಕಾಲೇಜು ಗೆಳೆಯ ಒಂದು ಕಥೆ ಹೇಳ್ತಿರ್ತಾನೆ. ಟೊಯೊಟಾದ ಉತ್ಪಾದನಾ ಪದ್ಧತಿಯನ್ನು ರೂಪಿಸಿದವರಲ್ಲಿ ಮುಖ್ಯರಾದ ತೈಇಚಿ ಓನೊ, ಹೊಸ ಎಂಜಿನಿಯರುಗಳನ್ನು ಕರೆದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ವೃತ್ತ ಬರೆದು, "ಇದರೊಳಗೆ ನಿಂತು ನೋಡು" ಅಂತ ಹೇಳಿ ಹೋಗಿಬಿಡ್ತಿದ್ದರಂತೆ. ಗಂಟೆಗಟ್ಟಲೆ ನಿಂತ ಮೇಲೆ ವಾಪಸ್ ಬಂದು "ಏನು ಕಾಣಿಸ್ತು?" ಅಂತ ಕೇಳೋದು. ಆ ಪದ್ಧತಿಯಲ್ಲಿ ವ್ಯರ್ಥವನ್ನು ಏಳು ಬಗೆಯಾಗಿ ಗುರುತಿಸ್ತಾರೆ: ಬೇಕಾದ್ದಕ್ಕಿಂತ ಹೆಚ್ಚು ಮಾಡೋದು, ಕಾಯೋದು, ಸರಕನ್ನು ಸುಮ್ಮನೆ ಅತ್ತಿಂದಿತ್ತ ಸಾಗಿಸೋದು, ಬೇಡದ ಕೆಲಸ ಮಾಡೋದು, ಹೆಚ್ಚು ದಾಸ್ತಾನು ಇಡೋದು, ಮನುಷ್ಯರು ಸುಮ್ಮನೆ ಓಡಾಡೋದು, ಕೆಟ್ಟ ಸರಕು ತಯಾರಾಗೋದು. ಗಮನಿಸಿ, ಈ ಏಳರಲ್ಲಿ ಕಳ್ಳತನ ಇಲ್ಲ.

ಬೆಳಗ್ಗೆ ಆರೂವರೆಗೆ ಒಂದು ಪ್ಲಾಸ್ಟಿಕ್ ಸ್ಟೂಲ್ ತಗೊಂಡು ಶೆಡ್ಡಿನ ಮೂಲೆಯಲ್ಲಿ ಕೂತೆ. ಜೊತೆಗೆ ಒಂದು ನೋಟ್‌ಬುಕ್ಕು, ಪೆನ್ನು. ಲ್ಯಾಪ್‌ಟಾಪ್ ಮನೆಯಲ್ಲೇ ಬಿಟ್ಟೆ.

ಏಳು ಗಂಟೆ ಹತ್ತು ನಿಮಿಷಕ್ಕೆ ಗಾಡಿ ತುಂಬಿತ್ತು. ಡ್ರೈವರ್ ಅಣ್ಣ ಸೀಟಿನಲ್ಲಿ ಕೂತು ಬೀಡಿ ಹಚ್ಚಿದರು. ಏಳೂ ಇಪ್ಪತ್ತು. ಏಳೂವರೆ. ಹೊರಡಲಿಲ್ಲ. ಹೋಗಿ ಕೇಳಿದೆ.

"ಯಜಮಾನ್ರು ಪೂಜೆ ಮುಗಿಸ್ಕೊಂಡು ಚೀಟಿ ಕೊಡ್ಬೇಕಲ್ಲ."

ಚೀಟಿ ಅಂದರೆ ಯಾವ ಅಂಗಡಿಗೆ ಎಷ್ಟು ಹಾಕಬೇಕು, ಯಾರ ಬಾಕಿ ಹೆಚ್ಚಾಗಿದೆ, ಯಾರಿಗೆ ದುಡ್ಡು ಕೊಟ್ಟ ಮೇಲೇ ಸರಕು ಇಳಿಸಬೇಕು ಅನ್ನೋ ಪಟ್ಟಿ. ಅದೆಲ್ಲ ಇರೋದು ಅಪ್ಪನ ತಲೆಯಲ್ಲಿ. ಇಪ್ಪತ್ತೆರಡು ಅಂಗಡಿ ಇದ್ದಾಗ ಎರಡು ನಿಮಿಷದ ಕೆಲಸ. ಈಗ ಅವರು ಸ್ನಾನ, ಪೂಜೆ, ಕಾಫಿ ಮುಗಿಸಿ, ಕೂತು ನೆನಪು ಮಾಡಿಕೊಂಡು ಬರೆಯುವಷ್ಟರಲ್ಲಿ ಏಳು ಐವತ್ತೈದು.

"ಮುಕ್ಕಾಲು ಗಂಟೆ ತಡ ಆದ್ರೆ ಏನಾಗುತ್ತಣ್ಣಾ?"

ಅವರು ನಕ್ಕರು. "ಏನಾಗುತ್ತೆ? ಮಧುಗಿರಿ ಕಡೆ ಕೊನೇ ಏಳೆಂಟು ಅಂಗಡಿ ಮುಟ್ಟೋ ಹೊತ್ತಿಗೆ ಮಧ್ಯಾಹ್ನ. ಓನರ್ ಊಟಕ್ಕೆ ಹೋಗಿರ್ತಾರೆ. ಹುಡುಗರು ಇರ್ತಾರೆ, ಮಾಲು ಇಳಿಸ್ಕೊತಾರೆ. ದುಡ್ಡು ಕೇಳಿದ್ರೆ 'ಅಣ್ಣ ಬಂದ್ಮೇಲೆ' ಅಂತಾರೆ."

ನಾನು ಬರೆದುಕೊಳ್ಳೋದು ನಿಲ್ಲಿಸಿದೆ. ಅಪ್ಪ ನನ್ನ ಹತ್ತಿರ ಕೇಳಿದ ಎರಡು ಲಕ್ಷ ಅಲ್ಲಿತ್ತು. ಮಧುಗಿರಿ ರಸ್ತೆಯ ಅಂಗಡಿಗಳಲ್ಲಿ, ಊಟಕ್ಕೆ ಹೋದ ಮಾಲೀಕರ ಖಾಲಿ ಕುರ್ಚಿಗಳಲ್ಲಿ. ಬೆಳಗಿನ ಒಂದು ಚೀಟಿ ತಡವಾಗಿದ್ದಕ್ಕೆ ಎಣ್ಣೆ ಮಂಡಿಯವರಿಗೆ ದುಡ್ಡು ಕಟ್ಟೋಕಾಗಿರಲಿಲ್ಲ. ನಡುವೆ ಎಷ್ಟೊಂದು ಕೊಂಡಿ ಇದ್ದವು ಅಂದರೆ, ಎರಡು ತುದಿಯನ್ನೂ ಒಟ್ಟಿಗೆ ನೋಡಿದವರು ಯಾರೂ ಇರಲಿಲ್ಲ. ಡ್ರೈವರ್ ಅಣ್ಣನಿಗೆ ಗೊತ್ತಿತ್ತು. ಅವರನ್ನು ಯಾರೂ ಕೇಳಿರಲಿಲ್ಲ.

ಹತ್ತು ಗಂಟೆ ಹೊತ್ತಿಗೆ ಇನ್ನೊಂದು ಕಂಡಿತು. ಇದನ್ನು ಬರೆಯೋಕೆ ಸ್ವಲ್ಪ ನಾಚಿಕೆ. ಲೆಕ್ಕ ಬರೆಯುವ ಹುಡುಗಿ ಮೊದಲು ಅಪ್ಪನ ಕೆಂಪು ಪುಸ್ತಕದಲ್ಲಿ ಬರೆದಳು. ಅದನ್ನೇ ನೋಡಿಕೊಂಡು ನನ್ನ ಆ್ಯಪ್‌ಗೆ ತುಂಬಿದಳು. ಆಮೇಲೆ ಅದರ ಫೋಟೊ ತೆಗೆದು ಅಪ್ಪನಿಗೆ ವಾಟ್ಸ್ಆ್ಯಪ್ ಮಾಡಿದಳು. ಯಾಕೆ ಅಂದರೆ ಅಪ್ಪನಿಗೆ ಆ್ಯಪ್ ತೆಗೆಯೋಕೆ ಬರಲ್ಲ.

"ಇದಕ್ಕೆ ದಿನಕ್ಕೆ ಎಷ್ಟು ಹೊತ್ತು ಹಿಡಿಯುತ್ತಮ್ಮಾ?"

"ಒಂದೂವರೆ ಗಂಟೆ ಅಣ್ಣಾ. ನಿಮಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ."

ವ್ಯರ್ಥ ಹುಡುಕಲು ಹೋದವನು ತಂದಿಟ್ಟ ವ್ಯರ್ಥ ಅದು. ಆ ಹೊತ್ತಿನಲ್ಲಿ ಪ್ಯಾಕಿಂಗ್ ಟೇಬಲಿಗೆ ಅವಳು ಸಿಗುತ್ತಿರಲಿಲ್ಲ.

ತಕ್ಕಡಿಯ ಮುಂದೆ

ಮಧ್ಯಾಹ್ನದ ಮೇಲೆ ಪ್ಯಾಕಿಂಗ್ ಟೇಬಲ್ ಪಕ್ಕ ಸ್ಟೂಲ್ ಎಳೆದುಕೊಂಡೆ. ನಮ್ಮ ಚಕ್ಲಿ ದೊಡ್ಡದು. ಅಪ್ಪನಿಗೆ ಅದೇ ಹೆಮ್ಮೆ. ಕೈಯಲ್ಲಿ ಒತ್ತಿದ್ದಾದ್ದರಿಂದ ಒಂದೊಂದು 16ರಿಂದ 20 ಗ್ರಾಂ ತೂಗುತ್ತೆ. ಹೆಂಗಸರು ಕವರನ್ನು ತಕ್ಕಡಿ ಮೇಲಿಟ್ಟು ಒಂದೊಂದೇ ಚಕ್ಲಿ ಹಾಕ್ತಾ ಹೋಗ್ತಾರೆ. 196. ಇನ್ನೂ ನಾಲ್ಕು ಗ್ರಾಂ ಬೇಕು. ನಾಲ್ಕು ಗ್ರಾಂ ಚಕ್ಲಿ ಅಂತ ಯಾವುದೂ ಇಲ್ಲ. ಇನ್ನೊಂದು ಇಡೀ ಚಕ್ಲಿ ಬೀಳುತ್ತೆ. 214. ಸೀಲ್.

ಕಮ್ಮಿ ಹಾಕುವ ಹಾಗಿಲ್ಲ. ಪ್ಯಾಕೆಟ್ ಮೇಲೆ ಅಚ್ಚಾದ ತೂಕಕ್ಕಿಂತ ಕಡಿಮೆ ಇದ್ದರೆ ತೂಕ ಮತ್ತು ಅಳತೆ ಇಲಾಖೆಯವರು ದಂಡ ಹಾಕ್ತಾರೆ. ಗಿರಾಕಿಗೂ ಮೋಸ. ಮುರಿದ ಚೂರು ಹಾಕುವ ಹಾಗಿಲ್ಲ, ಹೆಸರು ಕೆಡುತ್ತೆ ಅಂತ ಅಪ್ಪನದೇ ಆಜ್ಞೆ. ಹಾಗಾಗಿ ಎಲ್ಲರೂ ಸರಿಯಾದದ್ದನ್ನೇ ಮಾಡ್ತಿದ್ದರು.

ಐವತ್ತು ಪ್ಯಾಕೆಟ್ ತೆಗೆದು ನಾನೇ ತೂಗಿದೆ. ಕವರಿನ ತೂಕ ಕಳೆದು ಸರಾಸರಿ 209 ಗ್ರಾಂ.

ಒಂಬತ್ತು ಗ್ರಾಂ ಅಂದರೆ ಅರ್ಧ ಚಕ್ಲಿ. ಆದರೆ ದಿನಕ್ಕೆ 700 ಪ್ಯಾಕೆಟ್. 6.3 ಕೆಜಿ. ತಿಂಗಳಿಗೆ 26 ದಿನ ಕೆಲಸ. ನೋಟ್‌ಬುಕ್ಕಿನಲ್ಲಿ ಗುಣಿಸಿದೆ: 163.8 ಕೆಜಿ.

180ರಲ್ಲಿ 164 ಸಿಕ್ಕಿತ್ತು. ಉಳಿದ 16 ಕೆಜಿ ದಿನಕ್ಕೆ ಅರ್ಧ, ಮುಕ್ಕಾಲು ಕೆಜಿಯ ಹಾಗೆ ಬೀಳುವ ಚೂರು, ಪುಡಿ. ಮಾರೋಕಾಗದ್ದು. ಅದರಲ್ಲಿ ಒಂದು ಬೊಗಸೆ ದೊಡ್ಡಮ್ಮನ ಕವರಿನಲ್ಲಿತ್ತು.

ನಮ್ಮ ಕ್ಷೇತ್ರದಲ್ಲಿ ಇದಕ್ಕೆ ರೌಂಡಿಂಗ್ ಎರರ್ ಅಂತಾರೆ. ಇದರ ಪ್ರಸಿದ್ಧ ಉದಾಹರಣೆ ಕೆನಡಾದ್ದು. ವ್ಯಾಂಕೂವರ್ ಷೇರುಪೇಟೆ 1982ರಲ್ಲಿ ಒಂದು ಸೂಚ್ಯಂಕವನ್ನು 1,000 ಅಂಕದಿಂದ ಶುರು ಮಾಡಿತು. ಪ್ರತಿ ಸಲ ಲೆಕ್ಕ ಹಾಕುವಾಗ ಕಂಪ್ಯೂಟರ್ ಮೂರನೇ ದಶಾಂಶದ ಆಚೆಗಿನದನ್ನು ಕತ್ತರಿಸಿ ಎಸೀತಿತ್ತು. ಒಂದು ಸಲಕ್ಕೆ ಅದು ಲೆಕ್ಕಕ್ಕೇ ಇಲ್ಲದಷ್ಟು ಚೂರು. ಆದರೆ ದಿನಕ್ಕೆ ಸಾವಿರಾರು ಸಲ. 1983ರ ನವೆಂಬರ್ ಹೊತ್ತಿಗೆ ಸೂಚ್ಯಂಕ 524ಕ್ಕೆ ಇಳಿದಿತ್ತು. ತಪ್ಪು ತಿದ್ದಿ ಲೆಕ್ಕ ಹಾಕಿದಾಗ ಬಂದದ್ದು 1,098. ಅರ್ಧಕ್ಕರ್ಧ ಮಾಯ. ಕದ್ದವರು ಯಾರೂ ಇಲ್ಲ. ಈ ಪಾಠವನ್ನು ನಾನೇ ಹೊಸಬರಿಗೆ ಬೋರ್ಡ್ ಮೇಲೆ ಬರೆದು ಹೇಳಿಕೊಟ್ಟಿದ್ದೆ.

ಬೆಳೆಯುವ ವ್ಯಾಪಾರದಲ್ಲಿ ಸೋರೋದೇ ಹೀಗೆ. ಸಣ್ಣದಿದ್ದಾಗ ಇವು ಯಾವುವೂ ತಪ್ಪಾಗಿರಲಿಲ್ಲ. ದಿನಕ್ಕೆ ಐವತ್ತು ಪ್ಯಾಕೆಟ್ ಮಾಡುವಾಗ ಒಂಬತ್ತು ಗ್ರಾಂ ಹೆಚ್ಚು ಹೋದರೆ ಅದು ಅಮ್ಮನ ಧಾರಾಳತನ. ಅಂಗಡಿಗಳ ಬಾಕಿ ಅಪ್ಪನ ತಲೆಯಲ್ಲಿದ್ದರೆ ಅದು ಅಪ್ಪನ ಜಾಣತನ. ಕೆಲಸ ಹತ್ತು ಪಟ್ಟಾದಾಗ ಅದೇ ಧಾರಾಳತನ, ಅದೇ ಜಾಣತನ ಸೋರಿಕೆಯಾಗುತ್ತೆ. ಅಭ್ಯಾಸ ಮಾತ್ರ ಹಳೆಯದೇ ಆದ್ದರಿಂದ ಅದರ ಮೇಲೆ ಯಾರಿಗೂ ಅನುಮಾನ ಬರಲ್ಲ. ಅನುಮಾನ ಬರೋದು ಮನುಷ್ಯರ ಮೇಲೆ. ಮೂರು ಜನ ಇದ್ದಾಗ ಮಾತಾಡಿಕೊಳ್ಳುವ ಜೋಡಿ ಮೂರೇ. ಹದಿನಾಲ್ಕು ಜನ ಆದಾಗ ತೊಂಬತ್ತೊಂದು ಜೋಡಿ. ಅಷ್ಟು ಜೋಡಿಯಲ್ಲಿ ಯಾರೋ ಒಬ್ಬರಿಗೆ ಗೊತ್ತಿರೋ ವಿಷಯ ಗೊತ್ತಾಗಬೇಕಾದವರಿಗೆ ತಲುಪದೇ ಉಳಿದುಬಿಡುತ್ತೆ.

ಪಕ್ಕದ ಬೀದಿಗೆ

ಅಂದು ಸಂಜೆ ಅಮ್ಮನನ್ನು ಕರಕೊಂಡು ದೊಡ್ಡಮ್ಮನ ಮನೆಗೆ ಹೋದೆ. ಅಪ್ಪನೂ ಬರ್ತೀನಿ ಅಂತ ಚಪ್ಪಲಿ ಹಾಕಿಕೊಂಡು ಗೇಟಿನ ತನಕ ಬಂದು ನಿಂತುಬಿಟ್ಟರು. "ನೀನು ಮೊದ್ಲು ಹೋಗಿ ಬಾ" ಅಂದರು.

ದೊಡ್ಡಮ್ಮ ಮೊರದಲ್ಲಿ ಅವರೆಕಾಳು ಹಾಕಿಕೊಂಡು ಹಸನು ಮಾಡ್ತಾ ಕೂತಿದ್ದರು. ಒಳಗೆ ಕರೆದರು, ಕಾಫಿ ಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು.

"ದೊಡ್ಡಮ್ಮಾ, ತಪ್ಪು ನಂದು. ಅಪ್ಪ ಬೇಡ ಅಂದ್ರು. ನಾನೇ ಹಟ ಮಾಡಿ ಚೀಲ ನೋಡ್ಸಿದ್ದು."

ಅವರು ಕಾಳು ಆರಿಸ್ತಾನೇ ಕೇಳಿದರು: "ಲೆಕ್ಕ ಸಿಕ್ತಾ ಮಗಾ?"

ಸಿಕ್ಕಿದ್ದನ್ನು ಹೇಳಿದೆ. ಇಡೀ ಚಕ್ಲಿ, 196, 214, ಒಂಬತ್ತು ಗ್ರಾಂ ಎಲ್ಲ. ಅವರು ಆಶ್ಚರ್ಯಪಡಲಿಲ್ಲ.

"ಅದು ಗೊತ್ತಿರೋದೇ ಅಲ್ವಾ? ಮೊದ್ಲು ನಿಮ್ಮಮ್ಮ ತಕ್ಕಡೀಲಿ ತೂಗುವಾಗ ನಾನು ಕೊನೇಲಿ ಮಿಕ್ಕಿದ ಹಿಟ್ಟಲ್ಲಿ ಮರಿ ಚಕ್ಲಿ ಒತ್ತಿ ಕೊಡ್ತಿದ್ದೆ, ತೂಕ ಸರಿ ಮಾಡೋಕೆ. ಚಿನ್ನದ ಅಂಗಡೀಲಿ ಗುಲಗಂಜಿ ಇಡ್ತಿರ್ಲಿಲ್ವಾ, ಹಂಗೆ. ಮೆಷಿನ್ ಬಂದ್ಮೇಲೆ ಬ್ಯಾಡ ಅಂದ್ರು ಯಜಮಾನ್ರು. ಟೈಮ್ ಹಿಡಿಯುತ್ತೆ, ಎಲ್ಲಾ ಒಂದೇ ಸೈಜ್ ಇರ್ಲಿ ಅಂದ್ರು."

ನನಗೆ ಎಕ್ಸೆಲ್, ಕ್ಯಾಮೆರಾ, ಎರಡು ದಿನದ ರಜೆ ಬೇಕಾಗಿತ್ತು. ಉತ್ತರ ಇಷ್ಟು ದಿನ ಪಕ್ಕದ ಬೀದಿಯಲ್ಲೇ ಇತ್ತು. ಅದನ್ನು ಕೇಳುವ ಬದಲು ಅವರ ಚೀಲ ಬಿಚ್ಚಿಸಿದ್ದೆ.

"ವಾಪಸ್ ಬನ್ನಿ ದೊಡ್ಡಮ್ಮಾ."

ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ಚೀಲ ನೋಡೋದಾದ್ರೆ ಎಲ್ಲರದ್ದೂ ನೋಡಿ. ನಿಮ್ಮಪ್ಪಂದು, ನಿಂದೂನೂ. ಇಲ್ಲಾಂದ್ರೆ ಯಾರದ್ದೂ ನೋಡ್ಬೇಡಿ." ಬರ್ತೀನಿ ಅಂತಲೂ ಹೇಳಲಿಲ್ಲ, ಬರಲ್ಲ ಅಂತಲೂ ಹೇಳಲಿಲ್ಲ.

ಮೂರನೇ ದಿನ ಅಪ್ಪ ಒಬ್ಬರೇ ಅವರ ಮನೆಗೆ ಹೋಗಿ ಬಂದರು. ಏನು ಮಾತಾಯ್ತು ಅಂತ ಇವತ್ತಿಗೂ ನಮಗೆ ಹೇಳಿಲ್ಲ. ಮುಂದಿನ ಸೋಮವಾರ ದೊಡ್ಡಮ್ಮ ಬಾಣಲೆ ಮುಂದೆ ಇದ್ದರು.

ಬದಲಾದದ್ದು ಏನು?

ದೊಡ್ಡ ಬದಲಾವಣೆ ಏನೂ ಮಾಡಲಿಲ್ಲ. ಹೊಸ ಮೆಷಿನ್ ತರಲಿಲ್ಲ.

ಪ್ರತಿ ಒಬ್ಬೆಯ ಕೊನೆಗೆ ಐದೈದು ಗ್ರಾಂನ ಮರಿ ಚಕ್ಲಿ ಒತ್ತಿ, ಬೇರೆ ಬುಟ್ಟಿಯಲ್ಲಿ ಹಾಕಿ ಪ್ಯಾಕಿಂಗ್ ಟೇಬಲಿಗೆ ಕೊಡ್ತಾರೆ. 196 ಬಂದರೆ ಒಂದು ಮರಿ ಚಕ್ಲಿ. 201. ಸೀಲ್. ಈಗ ಸರಾಸರಿ ಹೆಚ್ಚು ಹೋಗೋದು ಎರಡೂವರೆ ಗ್ರಾಂ. ತಿಂಗಳಿಗೆ ಉಳಿದದ್ದು ಸುಮಾರು 118 ಕೆಜಿ, ಅಂದರೆ ಇಪ್ಪತ್ತು ಸಾವಿರ ರೂಪಾಯಿ. ಗಿರಾಕಿಗೆ ಅಚ್ಚಾದ ತೂಕ ಸಿಕ್ಕೇ ಸಿಗುತ್ತೆ. ಇನ್ನೊಂದು ತಮಾಷೆ ಅಂದರೆ, ಮಕ್ಕಳು ಪ್ಯಾಕೆಟ್ ಒಡೆದು ಮೊದಲು ಹುಡುಕೋದು ಮರಿ ಚಕ್ಲಿಯನ್ನೇ ಅಂತ ಕೊರಟಗೆರೆಯ ಅಂಗಡಿಯವರೊಬ್ಬರು ಹೇಳಿದರು.

ಅಪ್ಪ ರಾತ್ರಿ ಊಟ ಆದ ಮೇಲೆ ಸೀರಿಯಲ್ ನೋಡ್ತಾ ಮಾರನೇ ದಿನದ ಚೀಟಿ ಬರೆದು ಗಾಡಿ ಕೀಲಿಯ ಜೊತೆ ಮೊಳೆಗೆ ಸಿಕ್ಕಿಸ್ತಾರೆ. ಗಾಡಿ ಏಳು ಕಾಲಿಗೆ ಹೊರಡುತ್ತೆ, ಅವರ ಪೂಜೆ ಎಷ್ಟು ಹೊತ್ತಾದರೂ ಆಗಲಿ. ಬಾಕಿ ಜಾಸ್ತಿ ಇರುವ ಅಂಗಡಿಗಳನ್ನು ಲೈನಿನಲ್ಲಿ ಮೊದಲಿಗೆ ತಂದದ್ದು ಡ್ರೈವರ್ ಅಣ್ಣನ ಸಲಹೆ. ಹಳೇ ಬಾಕಿ ನಾಲ್ಕೈದು ತಿಂಗಳಲ್ಲಿ ಬಹುಪಾಲು ವಸೂಲಾಯ್ತು.

ಆ್ಯಪ್ ತೆಗೆದುಹಾಕಿದೆ. ಲೆಕ್ಕ ಈಗ ಕೆಂಪು ಪುಸ್ತಕದಲ್ಲಿ ಒಂದೇ ಸಲ. ತಿಂಗಳ ಕೊನೆಗೆ ಹುಡುಗಿ ಫೋಟೊ ಕಳಿಸ್ತಾಳೆ, ನಾನು ಭಾನುವಾರ ಕೂತು ನನ್ನ ಎಕ್ಸೆಲ್‌ಗೆ ತುಂಬಿಕೊಳ್ತೀನಿ. ಎಕ್ಸೆಲ್ ಬೇಕಿರೋದು ನನಗೆ, ಹಾಗಾಗಿ ಅದರ ಶ್ರಮವೂ ನನ್ನದೇ. ಪುಸ್ತಕದಲ್ಲಿ ಅಮ್ಮ ಒಂದು ಹೊಸ ಕಾಲಂ ಎಳೆದಿದ್ದಾಳೆ. ಅವಳ ಅಕ್ಷರದಲ್ಲೇ ಇದೆ: 'ಚೂರು, ಪುಡಿ – ಮನೆಗೆ'. ಯಾರು ಬೇಕಾದರೂ ಒಯ್ಯಬಹುದು, ಸರದಿ ಪ್ರಕಾರ. ಕ್ಯಾಮೆರಾ ಎರಡೂ ಈಗ ಗೇಟಿನ ಹೊರಗೆ ರಸ್ತೆ ನೋಡ್ತಿವೆ.

ದೀಪಾವಳಿ ಆದ ಮೇಲೆ ಅಪ್ಪ ಎರಡು ಲಕ್ಷ ವಾಪಸ್ ಹಾಕಿದರು. ಬೇಡ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. "ಲೆಕ್ಕ ಅಂದ್ರೆ ಲೆಕ್ಕ" ಅಂದರು. ಫೋನಿನಲ್ಲಿ ಈ ಸಲ ಕೆಮ್ಮು ಇರಲಿಲ್ಲ.

ಎಲ್ಲ ಸರಿಹೋಯ್ತು ಅಂತ ಹೇಳಿ ಮುಗಿಸಿದರೆ ಸುಳ್ಳಾಗುತ್ತೆ. ಬಾಣಲೆ ಮುಂದೆ ಹೋಗಿ ಕೂತರೆ ದೊಡ್ಡಮ್ಮ ಮೊದಲಿನ ಹಾಗೆಯೇ ಮಾತಾಡಿಸ್ತಾರೆ. ಆದರೆ ಸಂಜೆ ಹೊರಡುವಾಗ, ಯಾರೂ ಕೇಳದಿದ್ದರೂ, ಚೀಲದ ಬಾಯಿ ಸ್ವಲ್ಪ ತೆರೆದು ಹಿಡಿದುಕೊಂಡೇ ಗೇಟು ದಾಟ್ತಾರೆ. ಅದನ್ನು ನೋಡಿದಾಗಲೆಲ್ಲ ನನ್ನ ಕಣ್ಣು ತಾನಾಗಿ ಕೆಳಗಿಳಿಯುತ್ತೆ. 164 ಕೆಜಿಯ ಲೆಕ್ಕ ತಿದ್ದಿದಷ್ಟು ಸುಲಭವಾಗಿ ಇದನ್ನು ತಿದ್ದೋಕೆ ನನಗೆ ಬಂದಿಲ್ಲ.

ಹೋದ ತಿಂಗಳು ಮತ್ತೆ ಲೆಕ್ಕ ನೋಡುವಾಗ ಎರಡು ಟಿನ್ ಎಣ್ಣೆ ಹೆಚ್ಚು ಖರ್ಚಾಗಿತ್ತು. ಶೆಡ್ಡಿನಲ್ಲೇ ನಿಂತು ಅಪ್ಪನಿಗೆ ಹೇಳಿದೆ. ಅಪ್ಪ ಹುಬ್ಬು ಗಂಟಿಕ್ಕಿ, "ಎಣ್ಣೆ ಎಲ್ಲಿಗೆ ಹೋಯ್ತು?" ಅಂದರು.

ದೊಡ್ಡಮ್ಮ ಬಾಣಲೆಯಿಂದ ತಲೆ ಎತ್ತಲಿಲ್ಲ. ಜಾಲರಿ ಸೌಟಿನಿಂದ ಚಕ್ಲಿ ತಿರುವುತ್ತಲೇ ಹೇಳಿದರು: "ಹುಡುಕಣ ಬಿಡಿ ಯಜಮಾನ್ರೇ. ಈ ಸಲ ಚೀಲ ಬಿಟ್ಟು ಬ್ಯಾರೆ ಕಡೆಯಿಂದ ಶುರು ಮಾಡಣ."

ನಾನು ಸ್ಟೂಲ್ ತರೋಕೆ ಹೋದೆ.